ತಂಗಿಯ ವಿಚ್ಛೇದನ, ಫ್ಲ್ಯಾಟಿನ ಪಾಲು ಮತ್ತು ನನ್ನ ಖರ್ಚಿನ ಪುಸ್ತಕ

ತಂಗಿಯ ಪಾಲಿನ ದಾವೆಯ ತೀರ್ಪಿನ ಪ್ರತಿ ಕೈಗೆ ಬಂದ ದಿನ ನಾನು ಅದನ್ನು ಕೊನೆಯ ಪುಟದಿಂದ ಓದಿದೆ. ಮಂಗಳೂರಿನ ಫ್ಲ್ಯಾಟಿನಲ್ಲಿ ಅವಳಿಗೆ ಮೂರರಲ್ಲಿ ಒಂದು ಪಾಲಿದೆ ಎಂದು ನ್ಯಾಯಾಲಯ ಒಪ್ಪಿತ್ತು. ಅದರ ಕೆಳಗೆ, ಪಕ್ಷಗಾರರ ನಡುವಿನ ಸಂಬಂಧವನ್ನು ಗಮನದಲ್ಲಿ ಇರಿಸಿಕೊಂಡು ಖರ್ಚಿನ ಬಗ್ಗೆ ಯಾವುದೇ ಆದೇಶವಿಲ್ಲ ಎಂಬ ಒಂದು ಸಾಲಿತ್ತು. ತಂಗಿ ಆ ಸಾಲನ್ನು ಎರಡು ಸಲ ಓದಿ, "ಅಕ್ಕ, ಗೆದ್ದವರಿಗೆ ಖರ್ಚು ಕೊಡುವುದಿಲ್ಲವಾ?" ಎಂದು ಕೇಳಿದಳು. ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ವಕೀಲರಿಂದ ಕೇಳಿ, ಕಾಯ್ದೆಯ ಪುಸ್ತಕಗಳಿಂದ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ದಾರಿಯಲ್ಲಿ ಈಗಷ್ಟೇ ಹೆಜ್ಜೆ ಇಡುತ್ತಿರುವ ಯಾರಿಗಾದರೂ ಇದು ಮೊದಲ ತಿಂಗಳಿನಲ್ಲೇ ಸಿಗಬೇಕು ಎಂಬುದು ನನ್ನ ಆಸೆ, ಏಕೆಂದರೆ ನಮಗೆ ಅದು ಕೊನೆಯ ವರ್ಷ ಸಿಕ್ಕಿತು.

ನಾನು ಉಡುಪಿಯ ಸಮೀಪದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಲೆಕ್ಕ ಬರೆದಿಡುವುದು ನನಗೆ ಹಳೆಯ ಅಭ್ಯಾಸ. ತಂಗಿಯ ಗಂಡ ಮಂಗಳೂರಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದಾರೆಂದು ನೋಟಿಸು ಬಂದ ದಿನವೇ ನೂರು ಪುಟದ ಒಂದು ಪುಸ್ತಕ ತೆಗೆದು, ಎಡಗಡೆ ಖರ್ಚು, ಬಲಗಡೆ ಜಮಾ ಎಂದು ಗೆರೆ ಎಳೆದೆ. ಎಡಗಡೆಯ ಪುಟಗಳಲ್ಲಿ ವಕಾಲತ್ತಿನ ಮೇಲೆ ಹಚ್ಚಿದ ಸ್ಟಾಂಪು, ಟೈಪಿಂಗು, ಜೆರಾಕ್ಸು, ನೋಟರಿ, ಸಮನ್ಸು ಜಾರಿಯ ಶುಲ್ಕ, ಸಾಕ್ಷಿಗಳ ಭತ್ಯೆ, ದೃಢೀಕೃತ ಪ್ರತಿಗಳು ಎಲ್ಲವೂ ಇವೆ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ, ಮಂಗಳೂರಿನ ಪಿವಿಎಸ್ ವೃತ್ತದ ಬಳಿ ಇಳಿದು ಆಟೋ ಹಿಡಿಯುತ್ತಿದ್ದ ಪ್ರತಿಯೊಂದು ತಾರೀಕಿನ ಬಸ್ಸು ಟಿಕೇಟು ಅಲ್ಲಿದೆ. ಇಬ್ಬರ ಮಧ್ಯಾಹ್ನದ ಊಟವಿದೆ. ತಂಗಿ ಕೆಲಸ ಮಾಡುತ್ತಿದ್ದ ಶಿಶುವಿಹಾರದಲ್ಲಿ ಆ ದಿನದ ಸಂಬಳ ಕಡಿತವಾದ ಲೆಕ್ಕವೂ ಇದೆ. ವಕೀಲರ ಫೀಸನ್ನು ಮಾತ್ರ ನಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಬಲಗಡೆಯ ಪುಟದಲ್ಲಿ, ಇಷ್ಟು ವರ್ಷಗಳಲ್ಲಿ, ಎರಡೇ ಎರಡು ನಮೂದುಗಳಿವೆ; ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಆಸ್ತಿಯ ಸಂಗತಿಯನ್ನು ಹೇಳದೆ ಖರ್ಚಿನ ಸಂಗತಿ ಅರ್ಥವಾಗದು. ಭಾವ, ಅಂದರೆ ತಂಗಿಯ ಗಂಡ, ಗಲ್ಫಿನಲ್ಲಿ ಉದ್ಯೋಗದಲ್ಲಿದ್ದಾಗ ಮಂಗಳೂರಿನಲ್ಲಿ ಒಂದು ಫ್ಲ್ಯಾಟು ಕೊಳ್ಳಲಾಯಿತು. ಕ್ರಯಪತ್ರ ಭಾವ, ಅವರ ತಾಯಿ ಮತ್ತು ತಂಗಿ, ಈ ಮೂವರ ಹೆಸರಿನಲ್ಲಿ ಆಯಿತು. ಮೊದಲ ಕಂತಿಗೆ ಹಣ ಸಾಲದಾದಾಗ ತಂಗಿ ಮದುವೆಯಲ್ಲಿ ನಮ್ಮ ತಾಯಿ ಹಾಕಿದ್ದ ಪವನಿನ ಸರವನ್ನೂ ನಾಲ್ಕು ಬಳೆಗಳನ್ನೂ ಸೊಸೈಟಿಯಲ್ಲಿ ಅಡವಿಟ್ಟು ಹಣ ಕೊಟ್ಟಳು. ಆ ಅಡವಿನ ಚೀಟಿ ಅವಳ ಬೀರುವಿನಲ್ಲಿ ಉಳಿದಿದ್ದರಿಂದಲೇ ಮುಂದೆ ನಾವು ಏನನ್ನಾದರೂ ಸಾಬೀತುಪಡಿಸಲು ಸಾಧ್ಯವಾಯಿತು. ಉಳಿದ ಚಿನ್ನ ಗಂಡನ ಮನೆಯ ಲಾಕರಿನಲ್ಲಿತ್ತು, ಅದನ್ನು ಕೊಟ್ಟೇ ಇಲ್ಲವೆಂದು ಅವರ ಆಕ್ಷೇಪಣೆ ಬಂತು. ಹೀಗೆ ಚಿನ್ನಕ್ಕೊಂದು ವ್ಯಾಜ್ಯ, ಫ್ಲ್ಯಾಟಿಗೆ ಇನ್ನೊಂದು. ಕ್ರಯಪತ್ರದಲ್ಲಿ ಅತ್ತೆಯ ಹೆಸರೂ ಇದ್ದುದರಿಂದ ಫ್ಲ್ಯಾಟಿನ ದಾವೆಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ಹೂಡದೆ ಸಿವಿಲ್ ನ್ಯಾಯಾಲಯದಲ್ಲಿ ಹೂಡುವುದು ಸರಿ ಎಂದು ಆಗಿನ ವಕೀಲರು ಹೇಳಿದರು. ಎರಡು ನ್ಯಾಯಾಲಯ, ಎರಡು ತಾರೀಕು, ಎರಡು ಫೀಸು ಎಂಬುದಷ್ಟೇ ನಮಗೆ ಆಗ ಹೊಳೆಯಿತು. ಖರ್ಚು ವಸೂಲಿನ ನಿಯಮಗಳೂ ಎರಡು ಬೇರೆ ಬೇರೆ ಎಂಬುದು ಹೊಳೆಯಲಿಲ್ಲ.

ತಾಯಿಯ ಕಡೆಯಿಂದ ಆಸ್ತಿ ಬರುವ, ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಹಿರಿಯರು ಹೇಳುವುದುಂಟು: ಹೆಣ್ಣಿನ ಆಸ್ತಿ ತಾಯಿಯ ಮನೆಯಲ್ಲಿ, ಗಂಡಿನ ಆಸ್ತಿ ಅವನ ತಾಯಿಯ ಮನೆಯಲ್ಲಿ, ಆದ್ದರಿಂದ ಗಂಡಹೆಂಡಿರು ಬೇರೆಯಾದರೂ ಹಂಚಿಕೊಳ್ಳಲು ಜಂಟಿ ಆಸ್ತಿಯೇ ಇರುತ್ತಿರಲಿಲ್ಲ ಎಂದು. ಈಗಿನ ದಂಪತಿಗಳ ಆಸ್ತಿ ಇಬ್ಬರ ದುಡಿಮೆ, ಬ್ಯಾಂಕಿನ ಸಾಲ, ಹೆಣ್ಣಿನ ಮನೆಯ ಚಿನ್ನ ಎಲ್ಲ ಬೆರೆತು ಆದದ್ದು. ಅದನ್ನು ಬಿಡಿಸಿ ತೋರಿಸುವ ಹೊಣೆ ಕೇಳಿದವರ ಮೇಲೆಯೇ ಬೀಳುತ್ತದೆ. ನೆರೆಯ ಗೋವೆಯಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಮೂಲದ ಕಾನೂನಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದಂಪತಿಗಳ ಆಸ್ತಿ ಇಬ್ಬರಿಗೂ ಸಮವಾಗಿ ಸೇರುತ್ತದೆ. ನಮ್ಮಲ್ಲಿ ಅಂಥ ನಿಯಮವಿಲ್ಲ. ಯಾರ ಹೆಸರಿನಲ್ಲಿ ದಾಖಲೆ ಇದೆ, ಯಾರ ಹಣ ಹೋಗಿದೆ ಎಂಬುದನ್ನು ಒಂದೊಂದಾಗಿ ಸಾಬೀತುಪಡಿಸಬೇಕು, ಮತ್ತು ಸಾಬೀತುಪಡಿಸುವ ಪ್ರತಿ ಹೆಜ್ಜೆಗೂ ದುಡ್ಡು ಬೇಕು. ವಿಚ್ಛೇದನದ ಆಸ್ತಿ ವ್ಯಾಜ್ಯದಲ್ಲಿ ಖರ್ಚಿನ ಪ್ರಶ್ನೆ ಇಷ್ಟು ಭಾರವಾಗಲು ಕಾರಣ ಇದೇ ಎಂದು ನಾನು ತಿಳಿದಿದ್ದೇನೆ.

ಈಗ ತಂಗಿಯ ಪ್ರಶ್ನೆಗೆ ಬರೋಣ. ಸಿವಿಲ್ ದಾವೆಯ ಖರ್ಚಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಂ ಅನ್ವಯಿಸುತ್ತದೆ. ಅದರ ಮೂಲ ತತ್ತ್ವ ಗೆದ್ದವರ ಖರ್ಚನ್ನು ಸೋತವರು ಕೊಡಬೇಕೆಂಬುದೇ ಆಗಿದೆ. ನ್ಯಾಯಾಲಯ ಹಾಗೆ ಕೊಡಿಸದಿದ್ದರೆ ಅದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ನೀಡಬೇಕು. ನಮ್ಮ ತೀರ್ಪಿನಲ್ಲಿದ್ದ ‘ಪಕ್ಷಗಾರರ ನಡುವಿನ ಸಂಬಂಧ’ ಎಂಬ ಮಾತು ಅಂಥ ಕಾರಣ. ಅಣ್ಣತಮ್ಮಂದಿರ ಪಾಲಿನ ದಾವೆಗಳಲ್ಲಿ ಈ ಸಾಲು ತೀರ ಸಾಮಾನ್ಯ. ನಾಳೆ ಒಂದೇ ಭೂತಸ್ಥಾನದಲ್ಲಿ, ಒಂದೇ ಮದುವೆಮನೆಯಲ್ಲಿ ಎದುರಾಗಬೇಕಾದ ಅಣ್ಣತಮ್ಮಂದಿರ ನಡುವೆ ಖರ್ಚಿನ ಹೊಸ ಕಹಿ ಬೇಡವೆಂಬ ಕಾಳಜಿ ಅದರ ಹಿಂದೆ ಇದ್ದೀತು. ಆದರೆ ಸಂಬಂಧವೇ ಮುರಿದು, ಆ ಮುರಿತಕ್ಕೆ ಇನ್ನೊಂದು ನ್ಯಾಯಾಲಯ ಡಿಕ್ರಿ ಕೊಡುವ ಹಂತದಲ್ಲಿರುವಾಗ, ಅದೇ ಸಂಬಂಧದ ಹೆಸರಿನಲ್ಲಿ ಹೆಣ್ಣೊಬ್ಬಳು ತನ್ನ ಖರ್ಚನ್ನು ತಾನೇ ಹೊರಬೇಕೆಂಬುದನ್ನು ನಾನು ಒಪ್ಪಲಾರೆ. ಇದನ್ನು ನ್ಯಾಯಾಲಯದ ಮೇಲಿನ ಗೌರವ ಬಿಡದೆಯೇ ಹೇಳುತ್ತಿದ್ದೇನೆ.

ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದೆ. 2005ರಲ್ಲಿ, ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಕೊಡಿಸುವ ಖರ್ಚು ನಿಜವಾದ ಮತ್ತು ಸಮಂಜಸವಾದ ಖರ್ಚಾಗಿರಬೇಕು, ನ್ಯಾಯಾಲಯದ ಶುಲ್ಕ, ವಕೀಲರ ಫೀಸು, ಟೈಪಿಂಗು ಮಾತ್ರವಲ್ಲದೆ ಗೆದ್ದವರು ಕಳೆದ ಸಮಯ, ಪ್ರಯಾಣ ಮತ್ತು ವಸತಿಯ ವೆಚ್ಚವೂ ಅದರಲ್ಲಿ ಸೇರಬೇಕು ಎಂದು ಹೇಳಿತು. ಇದನ್ನು ಓದಿದ ರಾತ್ರಿ ನಾನು ನನ್ನ ಪುಸ್ತಕದ ಬಸ್ಸು ಟಿಕೇಟುಗಳ ಪುಟಗಳನ್ನು ತೆರೆದು ಬಹಳ ಹೊತ್ತು ಕುಳಿತಿದ್ದೆ. 2011ರ ಇನ್ನೊಂದು ತೀರ್ಪಿನಲ್ಲಿ, ಸುಳ್ಳು ಅಥವಾ ಕಿರುಕುಳದ ವಾದಕ್ಕೆ 35ಎ ಕಲಮಿನಡಿ ಕೊಡಿಸಬಹುದಾದ ಪರಿಹಾರದ ಮಿತಿ ಕೇವಲ 3,000 ರೂಪಾಯಿ ಆಗಿರುವುದು ಏನೇನೂ ಸಾಲದೆಂದು ಅದೇ ನ್ಯಾಯಾಲಯ ಹೇಳಿತು. ಹೀಗಿದ್ದರೂ ಕೆಳಹಂತದ ನ್ಯಾಯಾಲಯದಲ್ಲಿ ಖರ್ಚು ಸಿಗಬೇಕಾದರೆ ಅದನ್ನು ಕೇಳಬೇಕು, ಮತ್ತು ಲೆಕ್ಕ ಕೊಟ್ಟು ಕೇಳಬೇಕು. ನಮ್ಮ ವಾದಪತ್ರದ ಕೊನೆಯಲ್ಲಿ ‘ದಾವಾ ಖರ್ಚು ಕೊಡಿಸಬೇಕು’ ಎಂಬ ರೂಢಿಯ ಮಾತೇನೋ ಇತ್ತು. ಆದರೆ ವಾದ ಮುಗಿಯುವ ಹೊತ್ತಿಗೆ ಯಾರೂ ಖರ್ಚಿನ ಪಟ್ಟಿಯನ್ನು ಸಲ್ಲಿಸಲಿಲ್ಲ, ಫೀಸಿನ ರಸೀದಿಗಳನ್ನು ಹಾಜರುಪಡಿಸಲಿಲ್ಲ, ಸಂಬಂಧ ಮುರಿದಿರುವಾಗ ಆ ಕಾರಣ ಅನ್ವಯಿಸದು ಎಂದು ಒಂದು ವಾಕ್ಯವನ್ನೂ ಆಡಲಿಲ್ಲ. ಅಷ್ಟು ಶ್ರದ್ಧೆಯಿಂದ ಬರೆದಿಟ್ಟ ನನ್ನ ಪುಸ್ತಕ ನನ್ನ ಚೀಲದಲ್ಲಿಯೇ ಇತ್ತು.

ಬಲಗಡೆಯ ಪುಟದ ಮೊದಲ ನಮೂದು 500 ರೂಪಾಯಿ. ಭಾವನ ಪರವಾಗಿ ಅಧಿಕಾರಪತ್ರ ಹೊಂದಿದ್ದ ಅವರ ತಮ್ಮ ಪಾಟೀಸವಾಲಿಗೆ ಬರಬೇಕಾಗಿದ್ದ ದಿನಗಳಲ್ಲಿ ಬಾರದೆ, ತಾರೀಕಿನ ಮೇಲೆ ತಾರೀಕು ಕೇಳಿದಾಗ ನ್ಯಾಯಾಧೀಶರು ಆ ಖರ್ಚನ್ನು ನಮಗೆ ಕೊಡಿಸಿದರು. ಇದಕ್ಕೆ ಆಧಾರ 35ಬಿ ಕಲಂ. ಹೀಗೆ ವಿಧಿಸಿದ ಖರ್ಚನ್ನು ಮುಂದಿನ ತಾರೀಕಿಗೆ ಕಟ್ಟದಿದ್ದರೆ ಆ ಪಕ್ಷಗಾರರು ತಮ್ಮ ವಾದವನ್ನು ಮುಂದುವರಿಸುವಂತಿಲ್ಲ ಎಂಬುದು ಅದರ ಬಲ. ಮೊತ್ತ ಚಿಕ್ಕದಾದರೂ, ಅದರ ನಂತರ ಅವರ ತಮ್ಮ ಒಂದು ತಾರೀಕನ್ನೂ ತಪ್ಪಿಸಲಿಲ್ಲ.

ಎರಡನೆಯ ನಮೂದು ಕೌಟುಂಬಿಕ ನ್ಯಾಯಾಲಯದಿಂದ ಬಂದದ್ದು, ಮತ್ತು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವ ಸಂಗತಿ ಅದರಲ್ಲಿದೆ. 1955ರ ಹಿಂದೂ ವಿವಾಹ ಕಾಯ್ದೆಯ 24ನೆಯ ಕಲಂ ವ್ಯಾಜ್ಯ ನಡೆಯುತ್ತಿರುವಾಗಿನ ಮಧ್ಯಂತರ ಜೀವನಾಂಶದ ಬಗ್ಗೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದೇ ಕಲಮಿನಲ್ಲಿ ವ್ಯಾಜ್ಯ ನಡೆಸುವ ಅಗತ್ಯ ಖರ್ಚನ್ನೂ ಎದುರು ಪಕ್ಷದಿಂದ ಕೊಡಿಸಬಹುದು ಎಂದಿದೆ. ಗೆಲುವು ಸೋಲಿಗೂ ಇದಕ್ಕೂ ಸಂಬಂಧವಿಲ್ಲ. ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಅರ್ಜಿದಾರರಿಗೆ ಜೀವನಕ್ಕೂ ವ್ಯಾಜ್ಯಕ್ಕೂ ಸಾಕಾಗುವಷ್ಟು ಸ್ವಂತ ಆದಾಯವಿಲ್ಲ ಎಂಬುದಷ್ಟೇ ಮುಖ್ಯ. ತಂಗಿಗೆ ಶಿಶುವಿಹಾರದ ಚಿಕ್ಕ ಸಂಬಳವಿತ್ತು. ಸಂಬಳವಿದೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ, ಅದು ಸಾಕಾಗುತ್ತದೆಯೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಗಂಡನಿಗೆ ಆದಾಯವಿಲ್ಲದೆ ಹೆಂಡತಿಗೆ ಇದ್ದರೆ ಗಂಡನೂ ಇದೇ ಕಲಮಿನಡಿ ಕೇಳಬಹುದು. ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದ ಮಟ್ಟಿಗೆ ಇಂಥ ಅರ್ಜಿಯನ್ನು ತೀರ್ಮಾನಿಸಬೇಕೆಂದು 2001ರ ತಿದ್ದುಪಡಿ ಹೇಳುತ್ತದೆ.

ನಮ್ಮ ಮೊದಲ ಅರ್ಜಿಯಲ್ಲಿ ತಿಂಗಳ ಜೀವನಾಂಶವನ್ನು ಮಾತ್ರ ಕೇಳಲಾಗಿತ್ತು. ವ್ಯಾಜ್ಯದ ಖರ್ಚಿನ ಅಂಕಣವೇ ಅದರಲ್ಲಿರಲಿಲ್ಲ. ಒಂದು ವರ್ಷದ ಮೇಲೆ, ವಕೀಲರನ್ನು ಬದಲಿಸಿದ ನಂತರ, ಹೊಸ ವಕೀಲರು ಕಡತವನ್ನು ತಿರುವಿ ಹಾಕಿ, "ಟೀಚರೆ, ಇದನ್ನು ಯಾಕೆ ಕೇಳಲೇ ಇಲ್ಲ?" ಎಂದಾಗಲೇ ನಮಗೆ ತಿಳಿದದ್ದು. ಎರಡನೆಯ ಅರ್ಜಿ ಹಾಕಿದೆವು. ಒಂದು ಗಂಟು ಮೊತ್ತ ಮಂಜೂರಾಯಿತು. ಆ ಹೊತ್ತಿಗೆ ಆಗಿಹೋಗಿದ್ದ ಖರ್ಚಿನ ಕಾಲುಭಾಗವೂ ಅದಾಗಿರಲಿಲ್ಲ. ಸಿವಿಲ್ ನ್ಯಾಯಾಲಯದ ಫ್ಲ್ಯಾಟಿನ ದಾವೆಗೆ ಅದರಿಂದ ಏನೂ ಸಿಗಲಿಲ್ಲ, ಏಕೆಂದರೆ 24ನೆಯ ಕಲಂ ವಿವಾಹ ಕಾಯ್ದೆಯಡಿಯ ವ್ಯಾಜ್ಯದ ಖರ್ಚಿಗೆ ಮಾತ್ರ ಸಂಬಂಧಿಸಿದ್ದು. ಆದ್ದರಿಂದ ಆಸ್ತಿಯ ಕೋರಿಕೆಯಲ್ಲಿ ಎಷ್ಟು ಭಾಗವನ್ನು ವಿಚ್ಛೇದನದ ವ್ಯಾಜ್ಯದೊಳಗೇ ತರಲು ಬರುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ವಕೀಲರಲ್ಲಿ ಕೇಳಬೇಕು. ಮದುವೆಯ ಸಂದರ್ಭದಲ್ಲಿ ಕೊಟ್ಟ, ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಅದೇ ಕಾಯ್ದೆಯ 27ನೆಯ ಕಲಮಿನಡಿ ಡಿಕ್ರಿಯಲ್ಲೇ ಆದೇಶ ಪಡೆಯಲು ಅವಕಾಶವಿದೆ. ಮದುವೆಯ ದಿನವೇ ಕೊಟ್ಟಿರಬೇಕೆಂದಿಲ್ಲ, ಹಿಂದೆ ಮುಂದೆ ಕೊಟ್ಟದ್ದಾದರೂ ಮದುವೆಗೆ ಸಂಬಂಧಿಸಿದ್ದರೆ ಸಾಕು ಎಂದು 1997ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಂಡ ಹೆಂಡತಿ ಇಬ್ಬರ ನಡುವಿನ ಆಸ್ತಿ ವ್ಯಾಜ್ಯವಾದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೆಯ ಕಲಮಿನ ಪ್ರಕಾರ ಕೌಟುಂಬಿಕ ನ್ಯಾಯಾಲಯವೇ ಅದನ್ನು ವಿಚಾರಿಸಬಹುದು. ಕನಿಷ್ಠ ಪಕ್ಷ ಒಂದೇ ಕಟ್ಟಡಕ್ಕೆ, ಒಂದೇ ತಾರೀಕಿಗೆ ಹೋದರಾಯಿತು. ನೆರಳಿನಂತೆ ತಂಗಿಯ ಜೊತೆ ಹೋಗಿಬಂದ ನನಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಗಂಡನ ಸಂಬಳ ಎಷ್ಟೆಂದು ತಿಳಿಯದೆ ಖರ್ಚು ಕೇಳುವುದು ಹೇಗೆ ಎಂಬ ಪ್ರಶ್ನೆ ಗಲ್ಫಿನ ನಂಟಿರುವ ನಮ್ಮ ಜಿಲ್ಲೆಗಳಲ್ಲಿ ಮನೆಮನೆಯದು. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ದಾರಿ ಮಾಡಿಕೊಟ್ಟಿದೆ. ಜೀವನಾಂಶದ ಎಲ್ಲ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕು. ತಂಗಿಯ ಪ್ರಕರಣದಲ್ಲಿ ಈ ಪ್ರಮಾಣಪತ್ರದಲ್ಲಿಯೇ ಫ್ಲ್ಯಾಟಿನ ಬಾಡಿಗೆ ಬರುತ್ತಿರುವ ವಿಷಯ ಹೊರಬಿತ್ತು. ಬಾಡಿಗೆ ಬರುತ್ತಿದೆ ಎಂದು ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮೂರಿನಲ್ಲಿ ಎಲ್ಲ ಧರ್ಮದವರೂ ಇರುವುದರಿಂದ ಒಂದು ಮಾತು. ಕ್ರೈಸ್ತ ದಂಪತಿಗಳ ವ್ಯಾಜ್ಯಗಳಲ್ಲಿ 1869ರ ವಿಚ್ಛೇದನ ಕಾಯ್ದೆಯ 36ನೆಯ ಕಲಮಿನಡಿ ಹೆಂಡತಿ ವ್ಯಾಜ್ಯದ ಖರ್ಚನ್ನು ಕೇಳಬಹುದು. ವಿಶೇಷ ವಿವಾಹ ಕಾಯ್ದೆಯ 36ನೆಯ ಕಲಮಿನಲ್ಲೂ ಅದೇ ಅವಕಾಶವಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಮಹರ್ (ಮದುವೆಯಲ್ಲಿ ವರ ಕೊಡಬೇಕಾದ ಧನ) ಜೊತೆಗೆ ಮದುವೆಗೆ ಮೊದಲು, ಮದುವೆಯಲ್ಲಿ ಮತ್ತು ನಂತರ ಬಂಧುಗಳು ಕೊಟ್ಟ ಸೊತ್ತುಗಳೆಲ್ಲ ಮರಳಬೇಕೆಂದು 1986ರ ಕಾಯ್ದೆ ಹೇಳುತ್ತದೆ.

ದಾವೆ ಹೂಡಿದ ದಿನದ ಒಂದು ಸಂಗತಿಯನ್ನು ಬರೆಯದೆ ಇರಲಾರೆ. ಕರ್ನಾಟಕದಲ್ಲಿ ಪಾಲಿನ ದಾವೆಗೆ ನ್ಯಾಯಾಲಯದ ಶುಲ್ಕವನ್ನು 1958ರ ಕಾಯ್ದೆಯ 35ನೆಯ ಕಲಂ ನಿರ್ಧರಿಸುತ್ತದೆ. ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ನಿಗದಿತ ಚಿಕ್ಕ ಶುಲ್ಕ, ಸ್ವಾಧೀನದಿಂದ ಹೊರಹಾಕಲ್ಪಟ್ಟಿದ್ದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ನಮ್ಮ ವಾದಪತ್ರದಲ್ಲಿ ತಂಗಿಯನ್ನು ಮನೆಯಿಂದ ಹೊರಹಾಕಿದರೆಂದು ನೋವಿನಿಂದ, ವಿವರವಾಗಿ ಬರೆಸಿದ್ದೆವು. ಬರೆಸಿದ್ದು ನಿಜವೇ. ಆದರೆ ಆ ವಾಕ್ಯಗಳ ಆಧಾರದ ಮೇಲೆ ಶುಲ್ಕ ದೊಡ್ಡದಾಯಿತು, ಅದನ್ನು ಕಟ್ಟಲು ದುಡ್ಡಿರಲಿಲ್ಲ. ತಂಗಿ ಕೈಯಲ್ಲಿದ್ದ ಎರಡು ಬಳೆಗಳನ್ನು ಸಾಬೂನು ಹಚ್ಚಿ ತೆಗೆದಳು. ಅಡವಿನಿಂದ ಬಿಡಿಸಿಕೊಂಡ ನಾಲ್ಕರಲ್ಲಿ ಅವಳ ಬಳಿ ಉಳಿದಿದ್ದವು ಅವೆರಡೇ. ಚಿನ್ನದಂಗಡಿಯವರು ತೂಕದ ತಟ್ಟೆಯಲ್ಲಿ ಇಟ್ಟಾಗ ಒಂದರ ಒಳಮೈಯಲ್ಲಿ ಅಮ್ಮ ಕೆತ್ತಿಸಿದ್ದ ಅಕ್ಷರ ಕಾಣುತ್ತಿತ್ತು. ತನ್ನ ಚಿನ್ನ ಹೋದ ಫ್ಲ್ಯಾಟಿನಲ್ಲಿ ಪಾಲು ಕೇಳಲು ಉಳಿದ ಚಿನ್ನವನ್ನೂ ಅವಳು ಮಾರಬೇಕಾಯಿತು. ಸ್ತ್ರೀಧನ ಹೆಣ್ಣಿನ ಸಂಪೂರ್ಣ ಸ್ವತ್ತು ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾರಿದೆ, 2024ರಲ್ಲಿ ಮತ್ತೆ ಹೇಳಿದೆ. ಆ ಸ್ವತ್ತನ್ನು ಕೇಳಿ ಪಡೆಯುವ ಖರ್ಚೂ ಅವಳ ಸ್ವತ್ತಿನಿಂದಲೇ ಹೋಗುತ್ತದೆ ಎಂಬುದು ನನ್ನ ಕಣ್ಣ ಮುಂದೆ ನಡೆದ ಸಂಗತಿ.

ಆ ಬಳೆಗಳನ್ನು ಮಾರಬೇಕಾಗಿರಲಿಲ್ಲ ಎಂದು ತಿಳಿದದ್ದು ಅನಂತರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ. ನೆರವು ಎಂದರೆ ವಕೀಲರನ್ನು ನೇಮಿಸುವುದು ಮಾತ್ರವಲ್ಲ; ನ್ಯಾಯಾಲಯದ ಶುಲ್ಕ, ಸಮನ್ಸಿನ ಶುಲ್ಕ, ದಾಖಲೆ ಸಿದ್ಧಪಡಿಸುವ ವೆಚ್ಚವೂ ಅದರಲ್ಲಿ ಸೇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100ಕ್ಕೆ ಕರೆ ಮಾಡಿ ವಿಚಾರಿಸಬಹುದು. ನಾವು ನ್ಯಾಯಾಲಯಕ್ಕೆ ಅಷ್ಟು ಸಲ ಹೋಗಿಬಂದರೂ ಅಲ್ಲಿ ವಿಚಾರಿಸಲಿಲ್ಲ. ಅದು ತೀರ ಬಡವರಿಗೆ ಮಾತ್ರ ಎಂದು ನಾನೇ ತಂಗಿಗೆ ಹೇಳಿದ್ದೆ, ಮನೆಯ ಮರ್ಯಾದೆಯ ಯೋಚನೆಯೂ ನನ್ನಲ್ಲಿತ್ತು. ಆ ಮಾತು ನನ್ನದು, ಅದರ ನೋವು ಇಂದಿಗೂ ಇದೆ.

ವಕೀಲರ ಫೀಸಿನ ಬಗ್ಗೆ ಎರಡು ನಿಯಮಗಳನ್ನು ಎಲ್ಲ ಕಕ್ಷಿದಾರರೂ ತಿಳಿದಿರಬೇಕು. ಸಿಗುವ ಆಸ್ತಿಯಲ್ಲಿ ಇಂತಿಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಫೀಸು ಬಾಕಿ ಇದೆಯೆಂಬ ಕಾರಣಕ್ಕೆ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ನಮ್ಮ ಕಡತ ಆರು ವಾರ ಹೊರಬರಲಿಲ್ಲ. ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡೆವು, ರಸೀದಿಯೂ ಸಿಗಲಿಲ್ಲ. ರಸೀದಿಯಿಲ್ಲದ ಫೀಸನ್ನು ನ್ಯಾಯಾಲಯದ ಮುಂದೆ ಖರ್ಚೆಂದು ತೋರಿಸುವುದು ಕಷ್ಟ, ಆದ್ದರಿಂದ ಎಷ್ಟೇ ಸಂಕೋಚವಾದರೂ ರಸೀದಿ ಕೇಳಲೇಬೇಕು.

ನಡುವೆ ಒಮ್ಮೆ ರಾಜಿಯ ಮಾತು ನಡೆದಿತ್ತು. ರಾಜಿಯಾಗಿದ್ದರೆ ಖರ್ಚು ಅಲ್ಲಿಗೆ ನಿಲ್ಲುತ್ತಿತ್ತು, ಲೋಕ ಅದಾಲತ್‌ನಲ್ಲಿ ಮುಗಿದಿದ್ದರೆ ಕಟ್ಟಿದ ನ್ಯಾಯಾಲಯದ ಶುಲ್ಕವೂ ವಾಪಸಾಗುತ್ತಿತ್ತು. ಅವರು ಕಳುಹಿಸಿದ ಕರಡಿನಲ್ಲಿ ಹಕ್ಕು ಬಿಡುಗಡೆ ಪತ್ರದ ಮುದ್ರಾಂಕ ಮತ್ತು ನೋಂದಣಿ ಶುಲ್ಕ ಯಾರದೆಂದು ಬರೆದಿರಲಿಲ್ಲ, ಗೃಹಸಾಲದಲ್ಲಿ ತಂಗಿಯ ಹೆಸರನ್ನು ತೆಗೆಸುವ ಮಾತೂ ಇರಲಿಲ್ಲ. ಗಂಡಹೆಂಡಿರ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಸಾಲಪತ್ರದಲ್ಲಿ ಹೆಸರಿರುವವರೆಗೆ ಬ್ಯಾಂಕು ಅವಳನ್ನೇ ಕೇಳಬಹುದು. ತಂಗಿ ಸಹಿ ಹಾಕಲಿಲ್ಲ. ಅವಳು ಸರಿಯಾಗಿಯೇ ಮಾಡಿದಳು.

ತೀರ್ಪು ಬಂದರೂ ಪಾಲಿನ ದಾವೆ ಮುಗಿದಂತಲ್ಲ. ಈಗ ಆಗಿರುವುದು ಯಾರ ಪಾಲು ಎಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ; ಪಾಲನ್ನು ಬಿಡಿಸಿಕೊಡುವುದು ಅಂತಿಮ ಡಿಕ್ರಿ. ಅದಾದ ಮೇಲೆ ಪ್ರತ್ಯೇಕ ಅರ್ಜಿಗಾಗಿ ಕಾಯದೆ ಅಂತಿಮ ಡಿಕ್ರಿಯ ನಡವಳಿಯನ್ನು ನ್ಯಾಯಾಲಯವೇ ಮುಂದುವರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದರಿಂದ ನಮ್ಮ ಕಡತ ಕಪಾಟು ಸೇರಲಿಲ್ಲ. ಎರಡು ಕೋಣೆಯ ಫ್ಲ್ಯಾಟನ್ನು ಮೂರು ಪಾಲು ಮಾಡಲು ಬಾರದು. 1893ರ ವಿಭಾಗ ಕಾಯ್ದೆಯಡಿ ಅದನ್ನು ಮಾರಿ ಹಣ ಹಂಚಬೇಕು, ಇಲ್ಲವೇ ಅವರು ತಂಗಿಯ ಪಾಲನ್ನು ಬೆಲೆ ಕಟ್ಟಿ ಕೊಳ್ಳಬೇಕು. ಬೆಲೆ ಕಟ್ಟಲು ನ್ಯಾಯಾಲಯದಿಂದ ನೇಮಕವಾಗಿ ಬರುವ ಕಮಿಷನರ ಶುಲ್ಕವನ್ನು ತಂಗಿಯೊಬ್ಬಳೇ ಮುಂಗಡವಾಗಿ ಕಟ್ಟಬೇಕೆಂದು ಎದುರು ಪಕ್ಷದವರು ಕೇಳಿದ್ದಾರೆ, ಪಾಲಿಗೆ ತಕ್ಕಂತೆ ಮೂವರೂ ಕಟ್ಟಬೇಕೆಂದು ನಾವು ಆಕ್ಷೇಪಣೆ ಹಾಕಿದ್ದೇವೆ. ಈ ಸಲ ಅದರ ಜೊತೆಗೆ ಏಳು ಪುಟಗಳ ಖರ್ಚಿನ ಪಟ್ಟಿಯೂ ಹೋಗಿದೆ. ಅದನ್ನು ನಾನೇ ಪುಸ್ತಕದಿಂದ ಎತ್ತಿ ಬರೆದೆ, ತಂಗಿ ಟಿಕೇಟುಗಳನ್ನು ತಾರೀಕಿನ ಪ್ರಕಾರ ಬಿಳಿಹಾಳೆಗೆ ಅಂಟಿಸಿದಳು. ಮುಂದಿನ ತಾರೀಕು ತಿಂಗಳ ಕೊನೆಯ ವಾರ.